ನಮ್ಮೂರಿನ ಇರುಳೂ ಸುದ್ದಿಯವರ ಬೆಳಕೂ

ಈ ಲೇಖನ ಯಾವುದರ ಕುರಿತೆಂದು ತಿಳಿದಾಗ ಪತ್ರಿಕಾ ಸಮಿತಿಯ ಮಿತ್ರನೊಬ್ಬ ನಕ್ಕು, “ನೀನು ಪಬ್ಬಿನೊಳಗೆ ಎಂದಾದರೂ ಕಾಲಿಟ್ಟಿದ್ದೀಯಾ?” ಎಂದು ಕೇಳಿದ. ಇಲ್ಲವೆಂದೆ. “ಹಾಗಾದರೆ ಅದರ ಗೊಡವೆ ನಿನಗೇಕೆ?” ಎಂಬುದು ಅವನ ಎರಡನೆಯ ಪ್ರಶ್ನೆ. ಅದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಹೇಳುವುದಾಗಲಿಲ್ಲ. ಹೇಳಬೇಕಾದರೆ ನಮ್ಮ ಮನೆಯ ಜಗಲಿಯಿಂದಲೇ ತೊಡಗಬೇಕು. ವಾಚಕರು ಸ್ವಲ್ಪ ಸೈರಣೆಯಿಂದ ಓದಬೇಕಾಗಿ ಪ್ರಾರ್ಥನೆ.

ನಮ್ಮ ಮನೆ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಅಪ್ಪ ಅಡಿಕೆ ತೋಟಗಳಲ್ಲಿ ಕೂಲಿ ಕೆಲಸ ಮಾಡುತ್ತಾರೆ. ಅಮ್ಮ ಬೀಡಿ ಕಟ್ಟುತ್ತಾರೆ. ಬೀಡಿ ಕಟ್ಟುವವರ ಮನೆಯಲ್ಲಿ ಟಿ.ವಿ. ಎಂಬುದು ಶೋಕಿಯ ವಸ್ತುವಲ್ಲ. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆಯೂ ಹೊಗೆಸೊಪ್ಪೂ. ಬೆರಳುಗಳು ತಾವಾಗಿಯೇ ಸುತ್ತುತ್ತಿರುತ್ತವೆ. ದಿನಕ್ಕೆ ಎಂಟು ಹತ್ತು ತಾಸು ಹೀಗೆ ಕುಳಿತವರಿಗೆ ಎದುರಿಗೊಂದು ಮಾತನಾಡುವ ಪೆಟ್ಟಿಗೆ ಇಲ್ಲದಿದ್ದರೆ ಹೊತ್ತು ಹೋಗುವುದಿಲ್ಲ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಸುದ್ದಿ, ಸುದ್ದಿಯ ನಡುವೆ ಜಾಹೀರಾತು ಬಂದಾಗ ಧಾರಾವಾಹಿ. ಹೊರಗಿನ ಲೋಕವು ನಮ್ಮ ಜಗಲಿಗೆ ಬಂದುದು ಹೆಚ್ಚಾಗಿ ಈ ದಾರಿಯಲ್ಲೇ.

2012ನೆಯ ಇಸವಿಯಲ್ಲಿ ಅಕ್ಕ ಪಿ.ಯು.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ ಮಂಗಳೂರಿನ ಕಾಲೇಜೊಂದರಲ್ಲಿ ಬಿ.ಕಾಂ.ಗೆ ಸೇರಿ ಒಂದು ತಿಂಗಳಾಗಿತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಲೇರಿದವರಲ್ಲಿ ಅವಳೇ ಮೊದಲಿಗಳು. ನನಗಾಗ ಏಳು ವರ್ಷ. ಅವಳ ಬಸ್ ಪಾಸನ್ನು ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಕಿ ಗೋಡೆಯ ಮೊಳೆಗೆ ತೂಗಹಾಕಿದ್ದು, ಅದನ್ನು ಮುಟ್ಟಬಾರದೆಂದು ನನಗೆ ತಾಕೀತು ಮಾಡಿದ್ದು ಈಗಲೂ ನೆನಪಿದೆ.

ಆ ವರ್ಷದ ಜುಲೈ 28ರಂದು ಮಂಗಳೂರಿನ ಪಡೀಲಿನಲ್ಲಿ ‘ಮಾರ್ನಿಂಗ್ ಮಿಸ್ಟ್’ ಎಂಬ ಹೋಂಸ್ಟೇಯಲ್ಲಿ ಕೆಲವು ತರುಣ ತರುಣಿಯರು ಹುಟ್ಟುಹಬ್ಬದ ಕೂಟಕ್ಕೆ ಸೇರಿದ್ದರು. ಸಂಘಟನೆಯೊಂದರ ಕಾರ್ಯಕರ್ತರೆನ್ನಲಾದ ಗುಂಪು ಒಳನುಗ್ಗಿ ಅವರನ್ನು ಹೊಡೆಯಿತು, ಹುಡುಗಿಯರನ್ನೂ ಬಿಡಲಿಲ್ಲ. ಅದೆಲ್ಲವೂ ಕ್ಯಾಮರಾದಲ್ಲಿ ದಾಖಲಾಗಿ ಆ ರಾತ್ರಿಯಿಂದಲೇ ಟಿ.ವಿ.ಯಲ್ಲಿ ಬರತೊಡಗಿತು. ಒಂದು ಸಲವಲ್ಲ, ಹತ್ತು ಸಲವಲ್ಲ. ಬೀಡಿಯ ಕಟ್ಟೊಂದು ಮುಗಿಯುವಷ್ಟರಲ್ಲಿ ಅದೇ ಓಟ, ಅದೇ ಕಿರುಚಾಟ ಮತ್ತೆ ಬರುತ್ತಿತ್ತು. ದಾಳಿ ಮಾಡಿದವರು ಅಲ್ಲಿ ‘ರೇವ್ ಪಾರ್ಟಿ’ ನಡೆಯುತ್ತಿತ್ತೆಂದರು. ಆ ಮಾತಿನ ಅರ್ಥ ನಮ್ಮ ಜಗಲಿಯಲ್ಲಿ ಯಾರಿಗೂ ತಿಳಿಯದು. ಆದರೆ ಅರ್ಥ ತಿಳಿಯದ ಮಾತಿಗೆ ಭಯ ಹುಟ್ಟಿಸುವ ಶಕ್ತಿ ಹೆಚ್ಚು.

ಮೂರನೆಯ ದಿನ ಮಾವ ಬಂದರು. “ಮಂಗಳೂರಿಗೆ ಹೆಣ್ಣುಮಕ್ಕಳನ್ನು ಕಳಿಸಿ ಇಲ್ಲಿ ನೀವು ಹೇಗೆ ನಿದ್ರೆ ಮಾಡುತ್ತೀರಿ?” ಎಂದು ಅಪ್ಪನನ್ನು ಕೇಳಿದರು. ಅಪ್ಪ ಏನೂ ಹೇಳಲಿಲ್ಲ. ಹೊಡೆದವರನ್ನು ಕುರಿತು ಮಾವನೂ ಏನೂ ಹೇಳಲಿಲ್ಲ. ಅಕ್ಕ ಮರುದಿನ ಕಾಲೇಜಿಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಒಂದು ವಾರದ ಮೇಲೆ ಅಮ್ಮನ ಪಕ್ಕದಲ್ಲಿ ಇನ್ನೊಂದು ತಡ್ಪೆ ಬಂತು. ಬಸ್ ಪಾಸು ಮಾತ್ರ ಅವಧಿ ಮುಗಿದ ಮೇಲೂ ಬಹಳ ದಿನ ಮೊಳೆಯಲ್ಲಿ ತೂಗಾಡುತ್ತಿತ್ತು.

ಪಬ್ಬಿನ ಗೊಡವೆ ನನಗೇಕೆಂದು ಕೇಳಿದ ಮಿತ್ರನಿಗೆ ಉತ್ತರದ ಅರ್ಧಾಂಶ ಇದು. ಉಳಿದರ್ಧ ಹೇಳಬೇಕಾದರೆ ಇನ್ನೂ ಮೂರು ವರ್ಷ ಹಿಂದಕ್ಕೆ ಹೋಗಬೇಕು.

2009ರ ಜನವರಿ 24ರಂದು ನಗರದ ‘ಅಮ್ನೇಷಿಯಾ’ ಎಂಬ ಪಬ್ಬಿಗೆ ಶ್ರೀರಾಮ ಸೇನೆಯವರೆನ್ನಲಾದ ಗುಂಪು ನುಗ್ಗಿ ಅಲ್ಲಿದ್ದ ಯುವತಿಯರನ್ನು ಹೊಡೆದು ಅಟ್ಟಿತು. ಆ ದೃಶ್ಯವನ್ನು ಕಾಣದ ಭಾರತೀಯನಿರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಸುದ್ದಿಯವರಿಗೆ ಮೊದಲೇ ಸುಳಿವು ಕೊಟ್ಟು ಕರೆತರಲಾಗಿತ್ತೆಂದು ಆಗಲೇ ವರದಿಯಾಗಿತ್ತು. ಅಂದರೆ ಆ ಹೊಡೆತ ಪಬ್ಬಿನೊಳಗಿದ್ದ ಕೆಲವರಿಗಷ್ಟೇ ಉದ್ದೇಶಿತವಾದುದಲ್ಲ; ನೋಡುವವರಿಗಾಗಿಯೂ ಅದು ನಡೆದುದು. ಮೈಗೆ ಪೆಟ್ಟು ಬಿದ್ದುದು ಬೆರಳೆಣಿಕೆಯ ಹುಡುಗಿಯರಿಗೆ. ಎಚ್ಚರಿಕೆ ತಲುಪಿದುದು ಲಕ್ಷಾಂತರ ಮನೆಗಳಿಗೆ. ಸಾಗಿಸಿದ ಬಂಡಿ ಯಾವುದೆಂದು ಬೇರೆ ಹೇಳಬೇಕಿಲ್ಲ.

ಆಮೇಲೆ ನಡೆದುದು ಇನ್ನೂ ವಿಚಿತ್ರ. ದಾಳಿಯನ್ನು ಖಂಡಿಸದವರು ಕಡಿಮೆ. ಆದರೆ ಖಂಡನೆಯ ಬಾಲಕ್ಕೆ ಒಂದು ‘ಆದರೆ’ ಸೇರಿಸದವರು ಇನ್ನೂ ಕಡಿಮೆ. ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಪಬ್ ಸಂಸ್ಕೃತಿಗೆ ಅವಕಾಶವಿಲ್ಲವೆಂದರು. ಬೇರೆ ಪಕ್ಷದವರಾದ ರಾಜಸ್ಥಾನದ ಮುಖ್ಯಮಂತ್ರಿ ಅಶೋಕ ಗೆಹ್ಲೋಟರೂ ಅದೇ ಧಾಟಿಯಲ್ಲಿ ಮಾತನಾಡಿದರು. ಕೇಂದ್ರದ ಆರೋಗ್ಯ ಮಂತ್ರಿ ಅನ್ಬುಮಣಿ ರಾಮದಾಸರು ಅದು ನಮ್ಮ ಸಂಸ್ಕೃತಿಯಲ್ಲವೆಂದರು. ಇನ್ನೊಂದು ಮಗ್ಗುಲಿನಲ್ಲಿ ಕೇಂದ್ರ ಮಂತ್ರಿ ರೇಣುಕಾ ಚೌಧರಿಯವರು ಮಂಗಳೂರು ತಾಲಿಬಾನೀಕರಣವಾಗುತ್ತಿದೆಯೆಂದರು. ಹೀಗೆ ಕೆಲವೇ ದಿನಗಳಲ್ಲಿ ನಮ್ಮ ಊರಿಗೆ ಎರಡು ಹೆಸರು ಬಂದವು. ದಿಲ್ಲಿಯ ಇಂಗ್ಲಿಷ್ ವಾಹಿನಿಗಳಿಗೆ ಇದು ತಾಲಿಬಾನಿನ ಊರು. ನಮ್ಮ ಜಗಲಿಗಳಿಗೆ ಇದು ಪಬ್ಬಿನ ಊರು. ಎರಡರಲ್ಲಿಯೂ ಮಂಗಳೂರು ಎಲ್ಲಿದೆಯೆಂದು ನಾನು ಹುಡುಕುತ್ತಿದ್ದೇನೆ.

‘ಪಬ್ ಸಂಸ್ಕೃತಿ’ ಎಂಬ ಈ ಸಮಾಸವನ್ನು ಸ್ವಲ್ಪ ಬಿಡಿಸಿ ನೋಡಿರಿ. ಮದ್ಯ ಮಾರುವ ಒಂದು ಬಗೆಯ ಅಂಗಡಿಗೆ ಪಬ್ ಎಂದು ಹೆಸರು. ಅದರ ಪಕ್ಕದಲ್ಲಿ ‘ಸಂಸ್ಕೃತಿ’ ಎಂಬ ಭಾರದ ಪದವನ್ನು ತಂದು ಕೂರಿಸಿದ ಕೂಡಲೇ ಅದು ಅಂಗಡಿಯಾಗಿ ಉಳಿಯುವುದಿಲ್ಲ. ನಮ್ಮ ಸಂಸ್ಕೃತಿಯ ಮೇಲೆ ದಂಡೆತ್ತಿ ಬಂದ ಇನ್ನೊಂದು ಸಂಸ್ಕೃತಿಯಾಗುತ್ತದೆ. ನಮ್ಮ ಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಒಂದು ವೈನ್ ಶಾಪಿದೆ. ಸಂಜೆಯಾದರೆ ಅಲ್ಲಿಂದ ತೂರಾಡುತ್ತ ಬರುವ ಗಂಡಸರನ್ನು ದಾಟಿಕೊಂಡೇ ನಾವು ಮನೆ ಸೇರಬೇಕು. ದುಡಿದ ಕೂಲಿ ಅಲ್ಲೇ ಮುಗಿದು, ಬೀಡಿಯ ಮಜೂರಿಯಲ್ಲಿ ಮನೆ ನಡೆಸುವ ಹೆಂಗಸರು ನಮ್ಮ ಸಾಲಿನಲ್ಲಿ ಒಬ್ಬಿಬ್ಬರಲ್ಲ. ಅದಕ್ಕೆ ‘ವೈನ್ ಶಾಪ್ ಸಂಸ್ಕೃತಿ’ ಎಂದು ಯಾರಾದರೂ ಕರೆದುದನ್ನು ಕೇಳಿದ್ದೀರಾ? ಅಲ್ಲಿಗೆ ಒಂದು ಕ್ಯಾಮರಾವಾದರೂ ಬಂದಿದೆಯೇ? ಕುಡಿತವನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಅದರ ಕೇಡನ್ನು ಪಬ್ಬಿಗೆ ಹೋಗುವವರಿಗಿಂತ ಹತ್ತಿರದಿಂದ ನಾನು ಬಲ್ಲೆ. ಆದರೆ ಸಿಟ್ಟು ಬಂದುದು ಮದ್ಯದ ಮೇಲಲ್ಲ, ಅದರ ಮುಂದೆ ಕುಳಿತಿದ್ದ ಹುಡುಗಿಯ ಮೇಲೆ ಎಂಬುದನ್ನು ತಿಳಿಯಲು ಪದವಿ ಬೇಕಾಗಿಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ನಗರಗಳ ಕೆಲವು ವಿದ್ಯಾವಂತ ಮಹಿಳೆಯರು ಫೇಸ್‌ಬುಕ್ಕಿನಲ್ಲಿ ಒಂದುಗೂಡಿ, ಪ್ರತಿಭಟನೆಯಾಗಿ ಶ್ರೀರಾಮ ಸೇನೆಗೆ ಗುಲಾಬಿ ಬಣ್ಣದ ಒಳಉಡುಪುಗಳನ್ನು ಅಂಚೆಯಲ್ಲಿ ಕಳಿಸುವ ಚಳವಳಿ ನಡೆಸಿದರು. ಅದರಲ್ಲಿ ಧೈರ್ಯವಿತ್ತು, ವಿನೋದವೂ ಇತ್ತು. ಓದಿದಾಗ ನಾನೂ ನಕ್ಕಿದ್ದೇನೆ. ಆದರೆ ತಮ್ಮ ಕೂಟಕ್ಕೆ ಅವರು ಇಟ್ಟುಕೊಂಡ ಹೆಸರಿನಲ್ಲೇ ‘ಪಬ್ಬಿಗೆ ಹೋಗುವ’ ಎಂಬ ವಿಶೇಷಣವಿತ್ತು. ಎದುರಾಳಿ ಎಸೆದ ಹೆಸರನ್ನೇ ಹೆಕ್ಕಿ ತಲೆಗೆ ಮುಡಿದುಕೊಳ್ಳುವುದು ದಿಲ್ಲಿಯಲ್ಲಿ ಚತುರತೆ. ನಮ್ಮ ಜಗಲಿಯಲ್ಲಿ ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು. ಈ ಮಾತಿಗೆ ನನ್ನ ಸಹಪಾಠಿನಿಯರಲ್ಲಿಯೇ ಕೆಲವರ ಆಕ್ಷೇಪವಿದೆ. ಇರಲಿ.

ಹೆಸರಿಡುವ ಈ ರೋಗ ನಮ್ಮೂರಿನದು ಮಾತ್ರವೋ ಎಂಬ ಸಂಶಯ ನನಗಿತ್ತು. ನಾನು ಇತಿಹಾಸದ ವಿದ್ಯಾರ್ಥಿನಿ. ಯುದ್ಧಾನಂತರದ ಜಪಾನಿನ ಕುರಿತು ಓದುತ್ತಿದ್ದಾಗ ಆ ಸಂಶಯ ತಕ್ಕಮಟ್ಟಿಗೆ ನಿವಾರಣೆಯಾಯಿತು. ಆ ಭಾಷೆಯಲ್ಲಿ ‘ಝೊಕು’ ಎಂದರೆ ಕುಲ, ಬುಡಕಟ್ಟು. ತರುಣರ ಗುಂಪೊಂದು ಹೊಸ ಬಗೆಯ ಬಟ್ಟೆ ತೊಟ್ಟು ಬೀದಿಗಿಳಿದರೆ ಅಲ್ಲಿನ ಪತ್ರಿಕೆಗಳು ಅವರಿಗೊಂದು ‘ಝೊಕು’ ಅಂಟಿಸುತ್ತಿದ್ದವು. 1956ರ ಜನವರಿಯಲ್ಲಿ ಶಿಂತಾರೊ ಇಶಿಹಾರಾ ಎಂಬ, ಇನ್ನೂ ವಿದ್ಯಾರ್ಥಿಯಾಗಿದ್ದ ಇಪ್ಪತ್ತಮೂರರ ತರುಣನ ಕಥೆಗೆ ದೇಶದ ಪ್ರಖ್ಯಾತ ಅಕುತಗಾವ ಪ್ರಶಸ್ತಿ ಬಂತು. ಕಡಲತೀರದಲ್ಲಿ ಕಾಲ ಕಳೆಯುವ, ಸಿರಿವಂತರ ಮನೆಯ ಅಡ್ಡಾದಿಡ್ಡಿ ಹುಡುಗರ ಕಥೆ ಅದು. ಅದು ಸಿನಿಮಾ ಆಯಿತು. ಕೂಡಲೇ ‘ತೈಯೊ-ಝೊಕು’ ಎಂಬ ಹೆಸರು ಪತ್ರಿಕೆಗಳಲ್ಲಿ ಮೆರೆಯಿತು. ಕನ್ನಡಿಸಿದರೆ ‘ಸೂರ್ಯವಂಶ’ವೆಂದಾಗುತ್ತದೆ, ರಘುಮಹಾರಾಜನ ನೆನಪಾಗಿ ನನಗೆ ನಗು ಬಂತು. ತಾಯ್ತಂದೆಯರ ಕೂಟಗಳು ಪ್ರತಿಭಟಿಸಿದವು. ಚಿತ್ರಗಳನ್ನು ಪರಿಶೀಲಿಸುವ ವ್ಯವಸ್ಥೆಯನ್ನೇ ಬದಲಿಸಬೇಕಾಯಿತು. ಯುದ್ಧದಲ್ಲಿ ಬೆಂದು ಎದ್ದ ದೇಶದಲ್ಲಿ ದೋಣಿವಿಹಾರ ಮಾಡುವಷ್ಟು ಹಣವಿದ್ದ ಹುಡುಗರು ಎಷ್ಟಿದ್ದಾರು? ಆದರೆ ಭಯ ಎಲ್ಲರ ಮನೆಯ ಹುಡುಗರ ಮೇಲೂ ಬಿತ್ತು.

1964ರ ಬೇಸಗೆಯಲ್ಲಿ ಟೋಕಿಯೋದ ಗಿಂಜಾ ಎಂಬ ವ್ಯಾಪಾರದ ಕೇರಿಯಲ್ಲಿ, ಮಿಯುಕಿ ಎಂಬ ಬೀದಿಯಲ್ಲಿ, ಅಮೆರಿಕದ ಕಾಲೇಜು ಹುಡುಗರಂತೆ ಉಡುಪು ತೊಟ್ಟ ತರುಣರು ಸುಮ್ಮನೆ ಅಡ್ಡಾಡುತ್ತಿದ್ದರು. ಅವರಿಗೆ ‘ಮಿಯುಕಿ-ಝೊಕು’ ಎಂದು ನಾಮಕರಣವಾಯಿತು. ಅಕ್ಟೋಬರದಲ್ಲಿ ಒಲಿಂಪಿಕ್ಸ್, ಪರದೇಶದವರು ಬರುವ ಮುನ್ನ ಬೀದಿ ಚೊಕ್ಕಟವಾಗಬೇಕೆಂದು ಸೆಪ್ಟೆಂಬರಿನಲ್ಲಿ ಪೊಲೀಸರು ಅವರನ್ನು ಹಿಡಿದು ಸಾಗಿಸಿದರು. ಅವರ ಅಪರಾಧ ಅಂಗಿಯ ಗುಂಡಿಯಿದ್ದ ಕಾಲರು, ಮತ್ತು ಕೈಯಲ್ಲಿ ಕೆಲಸವಿಲ್ಲದೆ ನಿಂತುದು. ಇನ್ನು ಕುಣಿತದ ಮಾತು. 1948ರ ಒಂದು ಕಾನೂನಿನಂತೆ ನಡುರಾತ್ರಿಯ ಮೇಲೆ ಕ್ಲಬ್ಬುಗಳಲ್ಲಿ ಜನರನ್ನು ಕುಣಿಸುವುದು ಜಪಾನಿನಲ್ಲಿ ಅಪರಾಧವಾಗಿತ್ತು. ದಶಕಗಳ ಕಾಲ ಕಂಡೂ ಕಾಣದಂತಿದ್ದ ಪೊಲೀಸರು 2010ರಿಂದ ಒಸಾಕಾ ನಗರದಲ್ಲಿ ಅದನ್ನು ಬಿಗಿಯಾಗಿ ಜಾರಿಗೆ ತಂದರು. 2012ರಲ್ಲಿ ‘ನೂನ್’ ಎಂಬ ಕ್ಲಬ್ಬಿನ ಮೇಲೆ ಮೊಕದ್ದಮೆ ಹೂಡಿದಾಗ ಸಂಗೀತಗಾರರೂ ವಕೀಲರೂ ಶ್ರೋತೃಗಳೂ ಒಂದಾಗಿ ಹೋರಾಡಿದರು, ಸಹಿ ಸಂಗ್ರಹಿಸಿದರು, ಕ್ಲಬ್ಬಿನವನು ನ್ಯಾಯಾಲಯದಲ್ಲಿ ಗೆದ್ದ, 2015ರಲ್ಲಿ ಕಾನೂನೇ ತಿದ್ದುಪಡಿಯಾಗಿ 2016ರ ಜೂನಿನಿಂದ ಜಾರಿಗೆ ಬಂತು.

ನಮ್ಮ ಪಡೀಲಿನ ವರ್ಷವೂ 2012, ಅವರ ‘ನೂನ್’ ಕ್ಲಬ್ಬಿನ ವರ್ಷವೂ 2012. ಅಲ್ಲಿ ತಡೆದುದು ಕಾನೂನು. ಅದನ್ನು ಓದಬಹುದು, ಪ್ರಶ್ನಿಸಬಹುದು, ಬದಲಿಸಬಹುದು. ಇಲ್ಲಿ ತಡೆದವರು ಯಾವ ಕಾನೂನಿನ ಹೊತ್ತಗೆಯಲ್ಲಿಯೂ ಇಲ್ಲ. ಯಾವ ವಿಧಿಯನ್ನು ತಿದ್ದಬೇಕೆಂದು ನಾವು ಅರ್ಜಿ ಬರೆಯುವುದು?

ಅಂದ ಹಾಗೆ, ತರುಣರನ್ನು ಕೆಡಿಸಿದನೆಂದು ಹೆಸರು ಪಡೆದ ಆ ಇಶಿಹಾರಾ ಮುಂದೆ 1999ರಿಂದ 2012ರವರೆಗೆ ಟೋಕಿಯೋದ ಗವರ್ನರರಾಗಿದ್ದರು. ತರುಣರು ಓದುವ ಚಿತ್ರಕಥೆಗಳು ಕೆಟ್ಟುಹೋಗಿವೆಯೆಂದು 2010ರಲ್ಲಿ ಅವುಗಳ ಮೇಲಿನ ನಿರ್ಬಂಧವನ್ನು ಬಿಗಿಗೊಳಿಸಿದುದು ಅವರ ಆಡಳಿತವೇ. ಪ್ರಾಧ್ಯಾಪಕ ಮಹನೀಯರು ಮನ್ನಿಸಬೇಕು. ಹಿರಿಯರೆಲ್ಲ ಒಂದು ಕಾಲದಲ್ಲಿ ಯಾವುದೋ ಒಂದು ‘ಝೊಕು’ವಿನವರಾಗಿದ್ದರೆಂಬ ಗುಮಾನಿ ನನಗಿದೆ.

ಈಗ ನಮ್ಮೂರಿನ ಇರುಳಿಗೆ ಬರೋಣ. ತುಳುನಾಡಿನಲ್ಲಿ ಇರುಳು ಎಂದರೆ ಬಾಗಿಲು ಹಾಕಿ ಮಲಗುವ ಹೊತ್ತು ಎಂದು ಯಾವ ಕಾಲಕ್ಕೂ ಅರ್ಥವಿರಲಿಲ್ಲ. ದೈವಗಳ ಕೋಲ ರಾತ್ರಿಯದು. ಆಟವೆಂದರೆ ಯಕ್ಷಗಾನ, ಬೆಳಕು ಹರಿಯುವವರೆಗೆ ಬಯಲಿನಲ್ಲಿ ಕುಳಿತು ನೋಡುವುದು ಇಲ್ಲಿಯ ರೂಢಿ. ಕೆಲವು ಮೇಳಗಳು ಈಗ ಕಾಲಮಿತಿಗೆ ಬಂದಿದ್ದರೂ ಆ ರೂಢಿಯ ಸವಿ ಬಲ್ಲವರು ಬಹಳ ಮಂದಿಯಿದ್ದಾರೆ. ನನ್ನ ಅಜ್ಜಿ ಚಾಪೆಯೊಂದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎರಡು ಗುಡ್ಡ ದಾಟಿ ಆಟಕ್ಕೆ ಹೋಗುತ್ತಿದ್ದರು. ತೆಂಗಿನ ಗರಿಯ ಸೂಟೆಯ ಬೆಳಕಿನಲ್ಲಿ, ನೆರೆಮನೆಯ ಹೆಂಗಸರ ಜತೆಯಲ್ಲಿ. ಮಂಗಳೂರು ದಸರಾ ಬಂದಾಗ ಕುದ್ರೋಳಿ ದೇವಸ್ಥಾನದಿಂದ ಹೊರಟ ಮೆರವಣಿಗೆ ರಾತ್ರಿಯಿಡೀ ನಗರದ ಬೀದಿಗಳಲ್ಲಿ ಸಾಗುತ್ತದೆ. ಹುಲಿವೇಷದ ತಾಸೆಯ ಪೆಟ್ಟಿಗೆ ಹುಡುಗರೂ ಹುಡುಗಿಯರೂ ಕುಣಿಯುತ್ತಾರೆ. ಅದು ರಾತ್ರಿಯೇ ಅಲ್ಲವೇ? ಅದು ಕುಣಿತವೇ ಅಲ್ಲವೇ?

ದುಡಿಯುವವರ ಇರುಳು ಬೇರೆ. ಬಂದರಿನ ದಕ್ಕೆಗೆ ಬೆಳಗಿನ ಜಾವ ಹೋಗಿ ನೋಡಿದವರಿಗೆ ಗೊತ್ತು, ಬೋಟುಗಳಿಂದ ಮೀನು ಇಳಿಯುವ ಹೊತ್ತಿಗೆ ಬುಟ್ಟಿ ಹಿಡಿದು ಏಲಂ ಕೂಗಿಗೆ ಕಿವಿಗೊಟ್ಟು ನಿಂತಿರುವ ಹೆಂಗಸರೆಷ್ಟೆಂದು. ಅವರು ಮನೆಯಿಂದ ಹೊರಟದ್ದು ಎಷ್ಟು ಗಂಟೆಗೆಂದು ಯಾರೂ ಕೇಳಿಲ್ಲ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದ ಮೇಲೆ ಒಂದರ ಹಿಂದೊಂದರಂತೆ ಆಸ್ಪತ್ರೆಗಳೂ ನರ್ಸಿಂಗ್ ಶಾಲೆಗಳೂ ತುಂಬಿಕೊಂಡ ಜಿಲ್ಲೆ ಇದು. ಈ ಲೇಖನ ನೀವು ರಾತ್ರಿ ಓದುತ್ತಿದ್ದರೆ, ಇದೇ ಗಳಿಗೆಯಲ್ಲಿ ನಗರದ ವಾರ್ಡುಗಳಲ್ಲಿ ನನ್ನ ವಯಸ್ಸಿನ ನೂರಾರು ಹುಡುಗಿಯರು ಎಚ್ಚರವಾಗಿ ನಿಂತಿದ್ದಾರೆ. ಪಾಳಿ ಮುಗಿಸಿ ರಿಕ್ಷಾಕ್ಕೆ ಕಾಯುವ ಅವರ ಚಿತ್ರವನ್ನು ತೆಗೆದು ‘ಮಂಗಳೂರಿನ ಇರುಳು’ ಎಂದು ಬರೆದ ಪತ್ರಿಕೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಪಬ್ಬಿಗೆ ಹೋಗುವವರು ಈ ಎಲ್ಲರ ನಡುವೆ ಒಂದು ಚಿಕ್ಕ ಹಿಡಿ. ಅಲ್ಲಿಯ ಒಂದು ಊಟದ ಬಿಲ್ಲು ನನ್ನ ಅಮ್ಮನ ಹಲವು ದಿನಗಳ ಮಜೂರಿಯೆಂದು ಹೋಗಿಬಂದವರು ಹೇಳಿದ್ದಾರೆ. ಅವರ ಮೇಲೆ ನನಗೆ ಅಸೂಯೆಯಿಲ್ಲವೆಂದರೆ ಸುಳ್ಳಾದೀತು. ಆದರೆ ಅವರ ಮುಖಕ್ಕೆ ಬಿದ್ದ ಬೆಳಕಿನ ನೆರಳು ನಮ್ಮ ಮನೆಯ ಮೇಲೆ ಬಿತ್ತು. ಹಣವಿದ್ದವರ ಮಕ್ಕಳು ಬೆಂಗಳೂರಿಗೆ ಹೋಗಿ ಓದಿ ಬಂದರು. ಕಾಲೇಜು ಬಿಟ್ಟುದು ಅಕ್ಕ.

ಜಿಲ್ಲೆಯ ಪತ್ರಿಕೆಗಳ ಭಾಷೆಯ ವಿಷಯವನ್ನೂ ಇಲ್ಲಿ ಹೇಳದೆ ಇರಲಾರೆ. ‘ಭಿನ್ನಕೋಮಿನ ಜೋಡಿ ಪತ್ತೆ’ ಎಂಬ ತಲೆಬರಹವನ್ನು ನೀವೆಲ್ಲರೂ ಓದಿರುತ್ತೀರಿ. ಪತ್ತೆಯಾಗುವುದು ಕಳೆದುಹೋದ ದನ, ಕದ್ದ ಬಂಗಾರ. ಒಂದೇ ತರಗತಿಯ ಹುಡುಗನೂ ಹುಡುಗಿಯೂ ಐಸ್‌ಕ್ರೀಂ ಅಂಗಡಿಯಲ್ಲಿ ಕುಳಿತಿದ್ದರೆ ಅವರು ‘ಪತ್ತೆ’ಯಾಗುವುದು ಹೇಗೆ? ಅವರನ್ನು ಯಾರೂ ಕಳೆದುಕೊಂಡಿರಲಿಲ್ಲವಲ್ಲ! ಪತ್ತೆ ಹಚ್ಚಿದವರು ಯಾರು, ಆ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು ಎಂಬುದನ್ನು ಆ ಪುಟ್ಟ ಕ್ರಿಯಾಪದ ನುಂಗಿಹಾಕುತ್ತದೆ. ವ್ಯಾಕರಣದ ತರಗತಿಯಲ್ಲಿ ಕರ್ಮಣಿ ಪ್ರಯೋಗ ಕಲಿಸುವಾಗ ಈ ತಲೆಬರಹವನ್ನು ಉದಾಹರಣೆಯಾಗಿ ಕೊಡಬಹುದೆಂದು ಕನ್ನಡ ವಿಭಾಗಕ್ಕೆ ಸವಿನಯ ಸೂಚನೆ. ಈಚೆಗೆ ಕೆಲವರು ‘ಅನೈತಿಕ ಪೊಲೀಸ್‌ಗಿರಿ’ ಎಂದು ಬರೆಯತೊಡಗಿದ್ದಾರೆ. ಒಂದು ‘ಅ’ಕಾರ ಸೇರಿಸಲು ಎಷ್ಟು ವರ್ಷ ಹಿಡಿಯಿತು!

ಹಾಗೆಂದು ಕ್ಯಾಮರಾವನ್ನೇ ದೂರಿ ಮುಗಿಸಲು ನನ್ನಿಂದಾಗದು. ನನ್ನ ವಾದಕ್ಕೆ ತೊಡಕಾದ ಸಂಗತಿಯೊಂದಿದೆ. ಅದನ್ನು ಮರೆಮಾಚಿದರೆ ಅಪ್ರಾಮಾಣಿಕಳಾಗುತ್ತೇನೆ. ಪಡೀಲಿನ ದಾಳಿಯನ್ನು ವರದಿ ಮಾಡಿದವರಲ್ಲಿ ನವೀನ್ ಸೂರಿಂಜೆ ಎಂಬ ಟಿ.ವಿ. ವರದಿಗಾರರು ಒಬ್ಬರು. ಪೊಲೀಸರಿಗೆ ತಿಳಿಸಲು ತಾನು ಪ್ರಯತ್ನಿಸಿದೆನೆಂದು ಅವರು ಹೇಳಿದ್ದರು. ದಾಳಿ ಮಾಡಿದವರು ಯಾರೆಂದು ಗುರುತು ಸಿಕ್ಕಿದುದೇ ಆ ದೃಶ್ಯಗಳಿಂದ. ಆದರೆ 2012ರ ನವೆಂಬರದಲ್ಲಿ ಅವರನ್ನೂ ಆರೋಪಿಗಳ ಸಾಲಿಗೆ ಸೇರಿಸಿ ಬಂಧಿಸಲಾಯಿತು. ಜಾಮೀನು ಸಿಕ್ಕಿ ಹೊರಬಂದುದು 2013ರ ಮಾರ್ಚಿನಲ್ಲಿ. ಅವರ ಮೇಲಿನ ಮೊಕದ್ದಮೆಯನ್ನು ಕೈಬಿಡಬೇಕೆಂದು ರಾಜ್ಯದ ಪತ್ರಕರ್ತರು ಚಳವಳಿ ಮಾಡಬೇಕಾಯಿತು. ಕ್ಯಾಮರಾ ಅಲ್ಲಿ ಇರದಿದ್ದರೆ ಆ ಹುಡುಗಿಯರು ಪೆಟ್ಟು ತಿಂದು ಮೌನವಾಗಿ ಮನೆಗೆ ಹೋಗುತ್ತಿದ್ದರು, ಗುಂಪು ಮುಂದಿನ ಮನೆಗೆ ಹೋಗುತ್ತಿತ್ತು. ಇದ್ದುದರಿಂದ ಜಗತ್ತಿಗೆ ತಿಳಿಯಿತು. ಇದ್ದುದರಿಂದಲೇ ನಮ್ಮ ಅಕ್ಕನ ಓದು ನಿಂತಿತು. ಎರಡೂ ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಶಕ್ತಿ ನನಗಿನ್ನೂ ಬಂದಿಲ್ಲ.

ಆದರೆ ಸಾಕ್ಷಿಗಾಗಿ ಚಿತ್ರ ತೆಗೆಯುವುದು ಬೇರೆ, ಅದನ್ನು ಹುಡುಗಿಯರ ಮುಖ ಸಹಿತ ದಿನವಿಡೀ ಉರುಳಿಸುವುದು ಬೇರೆ. ಮೊದಲನೆಯದು ಪೊಲೀಸರಿಗೂ ನ್ಯಾಯಾಲಯಕ್ಕೂ ಬೇಕು. ಎರಡನೆಯದು ಯಾರಿಗೆ ಬೇಕಾಗಿತ್ತು? ನ್ಯಾಯಾಲಯದ ಕಥೆಯನ್ನೂ ಕೇಳಿರಿ. 2009ರ ಪಬ್ ಪ್ರಕರಣದಲ್ಲಿ ಪ್ರಮೋದ್ ಮುತಾಲಿಕರೂ ಇತರ ಆರೋಪಿಗಳೂ ಸಾಕ್ಷ್ಯಾಧಾರಗಳ ಕೊರತೆಯಿಂದ 2018ರ ಮಾರ್ಚಿನಲ್ಲಿ ಖುಲಾಸೆಯಾದರು. ಪಡೀಲಿನ ಪ್ರಕರಣದ ಆರೋಪಿಗಳು 2024ರ ಆಗಸ್ಟಿನಲ್ಲಿ ಖುಲಾಸೆಯಾದರು. ತೀರ್ಪನ್ನು ವಿಮರ್ಶಿಸುವ ವಿದ್ಯೆ ನನ್ನಲ್ಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ಈಗ ನಿರ್ದೋಷಿಗಳು. ನನ್ನ ಸೋಜಿಗ ಬೇರೆಯದು. ಇಡೀ ದೇಶ ನೂರು ಸಲ ನೋಡಿದ ಸಂಗತಿ ಫರಂಗಿಪೇಟೆಯ ಜಗಲಿಯಲ್ಲೂ ರುಜುವಾತಾಗಿತ್ತು. ನ್ಯಾಯಾಲಯದಲ್ಲಿ ಮಾತ್ರ ರುಜುವಾತಾಗಲಿಲ್ಲ. ಶಿಕ್ಷೆಯೂ ಅಂತೆಯೇ. ಜಗಲಿಗಳಲ್ಲಿ ಅದು ಆ ವಾರವೇ ಜಾರಿಯಾಗಿಬಿಟ್ಟಿತ್ತು.

ಈಗ ಟಿ.ವಿ.ಯ ಗಾಡಿ ಬರುವವರೆಗೆ ಕಾಯಬೇಕಾಗಿಲ್ಲ. ಎಲ್ಲರ ಜೇಬಿನಲ್ಲಿಯೂ ಕ್ಯಾಮರಾ ಇದೆ. 2022ರ ಜುಲೈಯಲ್ಲಿ ನಗರದ ಪಬ್ಬೊಂದರಲ್ಲಿ ವಿದ್ಯಾರ್ಥಿಗಳ ಬೀಳ್ಕೊಡುಗೆಯ ಕೂಟ ನಡೆಯುತ್ತಿದ್ದಾಗ ಸಂಘಟನೆಯೊಂದರ ಕಾರ್ಯಕರ್ತರು ಬಂದು ಅದನ್ನು ನಿಲ್ಲಿಸಿದರೆಂಬ ಸುದ್ದಿ ಮನೆ ಸೇರುವ ಮೊದಲೇ ವಾಟ್ಸ್ಯಾಪಿನಲ್ಲಿ ಸೇರಿಯಾಗಿತ್ತು. ನಾನಾಗ ಪಿ.ಯು.ಸಿ.ಯಲ್ಲಿದ್ದೆ. ಆ ಸಂಜೆ ಅಮ್ಮ ನನ್ನ ಮುಖವನ್ನೇ ನೋಡುತ್ತ ಕುಳಿತರು. ಹತ್ತು ವರ್ಷದ ಹಿಂದಿನ ತಡ್ಪೆ ನನಗಾಗಿ ಅಟ್ಟದಿಂದ ಇಳಿಯುತ್ತದೆಯೆಂದೇ ಎಣಿಸಿದೆ. ಮುಂದಿನ ವರ್ಷ ಡಿಗ್ರಿಗೆ ಸೇರುವ ಮಾತು ಬಂದಾಗ ಗಂಡನ ಮನೆಯಿಂದ ಅಕ್ಕನೇ ಬಂದಳು. “ಇವಳನ್ನು ಕಳಿಸುವುದಿಲ್ಲವೆಂದಾದರೆ ನನಗೆ ಆಗ ಹೇಳಿದ ಕಾರಣವನ್ನೇ ಇವಳಿಗೂ ಹೇಳಿ, ನಾನೂ ಕೇಳುತ್ತೇನೆ” ಎಂದಳು. ಅಪ್ಪ ಈ ಸಲವೂ ಏನೂ ಹೇಳಲಿಲ್ಲ. ಅಪ್ಪನ ಮೌನಕ್ಕೆ ಎರಡು ಅರ್ಥಗಳಿವೆಯೆಂದು ನನಗೆ ಗೊತ್ತಾದುದು ಅಂದೇ. ಅದೇ ಜೂನಿನಲ್ಲಿ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿಲ್ಲವೆಂದಾಯಿತು. ನಮ್ಮ ಜಿಲ್ಲೆಯಲ್ಲಿ ಓಡುವ ಬಸ್ಸುಗಳೇ ಹೆಚ್ಚಾಗಿ ಖಾಸಗಿಯವರದಾದರೂ ಬಿ.ಸಿ. ರೋಡಿನವರೆಗಿನ ದಾರಿ ನನಗೆ ಖರ್ಚಿಲ್ಲದಂತಾಯಿತು.

ಕಳೆದ ವರ್ಷ ಅಂತರಕಾಲೇಜು ನಾಟಕ ಸ್ಪರ್ಧೆಗೆ ನನ್ನನ್ನು ಮುಖ್ಯ ಪಾತ್ರಕ್ಕೆ ಆರಿಸಿದ್ದರು. ತಾಲೀಮು ಸಂಜೆ ಐದರ ಮೇಲೆ. ಹಗಲಿನಲ್ಲಿ ತರಗತಿ ಇರುತ್ತದಲ್ಲ! ನಾಲ್ಕು ದಿನ ನಡೆಯಿತು. ಐದನೆಯ ದಿನ ಊರಿನಲ್ಲೆಲ್ಲೋ ಮತ್ತೊಂದು ಜೋಡಿ ‘ಪತ್ತೆ’ಯಾದ ವೀಡಿಯೋ ಹರಿದಾಡಿತು. ಹಿರಿಯರೊಬ್ಬರು, ನಮ್ಮ ಹಿತವನ್ನೇ ಬಯಸುವವರು, ಹುಡುಗಿಯರೆಲ್ಲ ಐದೂವರೆಗೆ ಮನೆಗೆ ಹೊರಡತಕ್ಕದ್ದೆಂದು ಅಪ್ಪಣೆ ಮಾಡಿದರು. ಹುಡುಗರು ಎಂಟರವರೆಗೆ ಇದ್ದರು. ಅವರಲ್ಲೊಬ್ಬ ಸೀರೆಯುಟ್ಟು ನನ್ನ ಪಾತ್ರವನ್ನು ಮಾಡಿದ, ಚೆನ್ನಾಗಿಯೇ ಮಾಡಿದ. ಯಕ್ಷಗಾನದ ಸ್ತ್ರೀವೇಷದ ಪರಂಪರೆ ನಮ್ಮ ಕಾಲೇಜಿನಲ್ಲಿ ಮುಂದುವರಿಯಿತೆಂದು ನಾವು ಸಮಾಧಾನಪಟ್ಟುಕೊಂಡೆವು. ಎರಡನೆಯ ಬಹುಮಾನ ಬಂತು. ಫೋಟೋದಲ್ಲಿ ನಾವು ಹುಡುಗಿಯರು ಇಲ್ಲ.

ಈ ವರ್ಷದ ತಾಲೀಮಿಗೆ ಮುನ್ನ ನಾವು ಹನ್ನೊಂದು ಮಂದಿ ವಿದ್ಯಾರ್ಥಿನಿಯರು ಸೇರಿ ಒಂದು ಅರ್ಜಿ ಬರೆದೆವು. ಅದರಲ್ಲಿ ಸ್ವಾತಂತ್ರ್ಯ, ಸಮಾನತೆ ಮುಂತಾದ ದೊಡ್ಡ ಮಾತುಗಳಿಲ್ಲ. ತಾಲೀಮನ್ನು ಏಳಕ್ಕೆ ಮುಗಿಸಬೇಕು. ಮುಗಿದ ಮೇಲೆ ಹುಡುಗರೂ ಹುಡುಗಿಯರೂ ಒಟ್ಟಾಗಿ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದವರೆಗೆ ನಡೆದು ಹೋಗಬೇಕು. ದಾರಿಯಲ್ಲಿ ಯಾರಾದರೂ ತಡೆದು ಹೆಸರು ಕೇಳಿದರೆ ನಾವು ಕಾಲೇಜಿನವರೆಂದು ಹೇಳಲು ಪ್ರಾಂಶುಪಾಲರ ಸಹಿಯುಳ್ಳ ಒಂದು ಕಾಗದ ಬೇಕು. ಅರ್ಜಿಯ ಕೆಳಗೆ ಹನ್ನೊಂದು ಮಂದಿಯೂ ತಮ್ಮ ಊರಿನ ಕೊನೆಯ ಬಸ್ಸಿನ ಸಮಯವನ್ನು ಬರೆದಿದ್ದೇವೆ. ನಮ್ಮ ಹಳ್ಳಿಗೆ ಬಿ.ಸಿ. ರೋಡಿನಿಂದ ಅದು ಎಂಟೂ ಇಪ್ಪತ್ತಕ್ಕೆ. ಅದರಿಂದ ಇಳಿದರೆ ಅಪ್ಪ ವೈನ್ ಶಾಪಿನ ಈಚೆ ಬದಿಯಲ್ಲಿ ಟಾರ್ಚು ಹಿಡಿದು ನಿಂತಿರುತ್ತೇನೆಂದು ಒಪ್ಪಿದ್ದಾರೆ. ಅರ್ಜಿ ಕೊಟ್ಟು ಹತ್ತು ದಿನವಾಯಿತು. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಉತ್ತರ ಬಂದಿಲ್ಲ.